ಹಳೆಯ ಫೋಟೋಗಳಲ್ಲಿ ಕಾರವಾರ–ಅಂಕೋಲಾ: ಊರಿನ ಇತಿಹಾಸವನ್ನು ಉಳಿಸುವ ಮತ್ತು ಹಂಚುವ ಕ್ರಮ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ದೊಡ್ಡ ಊರುಗಳಲ್ಲ. ಆದರೆ ಕಳೆದ ನೂರೈವತ್ತು ವರ್ಷಗಳಲ್ಲಿ ಇವು ಬದಲಾದಷ್ಟು ಕರ್ನಾಟಕದ ಸಣ್ಣ ಪಟ್ಟಣಗಳು ಬದಲಾದದ್ದು ಕಡಿಮೆ. ಬಂದರು, ಅಣೆಕಟ್ಟು, ನೌಕಾನೆಲೆ, ರೈಲು, ಚತುಷ್ಪಥ ಹೆದ್ದಾರಿ ಒಂದರ ಹಿಂದೊಂದು ಬಂದವು. ಪ್ರತಿ ಸಲವೂ ಕೆಲವು ಮನೆ, ಅಂಗಡಿ, ಗದ್ದೆ, ಕಡಲತೀರ ಕಣ್ಮರೆಯಾದವು. ಇವುಗಳಲ್ಲಿ ಎಷ್ಟೋ ಜಾಗಗಳು ಈಗ ಇರುವುದು ಮನೆಗಳ ಟ್ರಂಕಿನಲ್ಲಿ, ಗೋಡೆಯ ಚೌಕಟ್ಟಿನಲ್ಲಿ, ಮದುವೆಯ ಆಲ್ಬಮ್ಮಿನಲ್ಲಿ ಮಾತ್ರ. ಆ ಚಿತ್ರಗಳನ್ನು ನೋಡಿ ಇದು ಯಾವ ಜಾಗ, ಇವರು ಯಾರು ಎಂದು ಹೇಳಬಲ್ಲವರಿಗೆ ಈಗ ಎಂಬತ್ತು ದಾಟಿದೆ. ಫೋಟೋ ಇನ್ನೂ ಐವತ್ತು ವರ್ಷ ಬಾಳಬಹುದು. ಹೆಸರು ಹೇಳುವವರಿಗಾಗಿ ಅಷ್ಟು ಕಾಲ ಕಾಯಲು ಆಗುವುದಿಲ್ಲ.

ಈ ಲೇಖನದಲ್ಲಿ ಎರಡು ವಿಷಯಗಳಿವೆ. ಒಂದು, ಕಾರವಾರ–ಅಂಕೋಲಾ ಭಾಗದ ಹಳೆಯ ಚಿತ್ರಗಳನ್ನು ಓದಲು ಬೇಕಾದ ಇತಿಹಾಸ ಮತ್ತು ಇಸವಿಗಳು. ಎರಡು, ಯಾವುದೇ ಊರಿನ ಕುಟುಂಬ ತನ್ನಲ್ಲಿರುವ ಚಿತ್ರಗಳನ್ನು ಉಳಿಸಿ, ಹೆಸರು ಬರೆದು, ಮರ್ಯಾದೆಯಿಂದ ಹಂಚುವ ಕ್ರಮ. ರಾಜ್ಯದ ಬೇರೆ ಭಾಗದ ಓದುಗರು ಊರಿನ ಹೆಸರು ಬದಲಿಸಿಕೊಂಡರೆ ಎರಡನೆಯ ಭಾಗ ಅವರಿಗೂ ಅನ್ವಯಿಸುತ್ತದೆ.

ಕಾರವಾರ ಪಟ್ಟಣದ ಹಿನ್ನೆಲೆ

ಹಳೆಯ ಕಾರವಾರ ಈಗಿನ ಪಟ್ಟಣದ ಜಾಗದಲ್ಲಿ ಇರಲಿಲ್ಲ. ಅದು ಪೂರ್ವಕ್ಕೆ, ಕಾಳಿ ನದಿಯ ಒಳಭಾಗದಲ್ಲಿ ಇತ್ತು. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಇಲ್ಲಿ ಕೋಠಿ ತೆರೆದರು. ಘಟ್ಟದ ಮೇಲಿನಿಂದ ಬರುವ ಕಾಳುಮೆಣಸು ಮತ್ತು ಬಟ್ಟೆಯ ವ್ಯಾಪಾರ ಅವರನ್ನು ಇಲ್ಲಿಗೆ ಎಳೆದಿತ್ತು. ನದಿಯ ಉತ್ತರ ದಡದ ಗುಡ್ಡದ ಮೇಲಿನ ಸದಾಶಿವಗಡ ಸೋಂದೆ ಅರಸರ ಕಾಲದ ಕೋಟೆ.

ಈಗಿನ ಪಟ್ಟಣ ಬೆಳೆದದ್ದು 1862ರ ನಂತರ. ಆ ವರ್ಷ ಉತ್ತರ ಕೆನರಾವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಲಾಯಿತು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿದ್ದ ಕಾಲ ಅದು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಯೋಚನೆ ಈ ವರ್ಗಾವಣೆಯ ಹಿಂದೆ ಇತ್ತು. ಹುಬ್ಬಳ್ಳಿ–ಕಾರವಾರ ರೈಲು ಬರುತ್ತದೆ ಎಂದು ವ್ಯಾಪಾರಸ್ಥರು ನಂಬಿದ್ದರು. ಕೊನೆಗೆ ರೈಲು ಗೋವೆಯ ಮುರ್ಮಗೋವಾ ಬಂದರಿಗೆ ಹೋಯಿತು. ಜಿಲ್ಲಾ ಕೇಂದ್ರವಾಗಿ ಕಚೇರಿ, ಕೋರ್ಟು ಉಳಿದವು. ಅಂದುಕೊಂಡಷ್ಟು ವ್ಯಾಪಾರ ಬರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕಾರವಾರದ ಚಿತ್ರಗಳಲ್ಲಿ ಕಚೇರಿಯ ಕಟ್ಟಡ, ಬಂಗಲೆ, ಬಂದರು ಕಾಣುತ್ತವೆ, ಪೇಟೆ ಬೀದಿ ಅಪರೂಪ. ಕ್ಯಾಮೆರಾ ಇದ್ದದ್ದು ಅಧಿಕಾರಿಗಳ ಕೈಯಲ್ಲಿ ಎಂಬುದೂ ಇದಕ್ಕೆ ಕಾರಣ.

1883ರಲ್ಲಿ ರವೀಂದ್ರನಾಥ ಟಾಗೋರರು ಕಾರವಾರಕ್ಕೆ ಬಂದು ಉಳಿದಿದ್ದರು. ಅವರ ಅಣ್ಣ ಸತ್ಯೇಂದ್ರನಾಥ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಐಸಿಎಸ್ ಪರೀಕ್ಷೆ ಪಾಸಾದ ಮೊದಲ ಭಾರತೀಯರು ಅವರೇ. ರವೀಂದ್ರನಾಥರು ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದದ್ದು ಇಲ್ಲಿ. ಕಾರವಾರದ ಕಡಲತೀರಕ್ಕೆ ಅವರ ಹೆಸರಿದೆ. ಅದೇ 1883ರಲ್ಲಿ ಮುಂಬೈ ಪ್ರಾಂತದ ಗೆಜೆಟಿಯರಿನ ಹದಿನೈದನೆಯ ಸಂಪುಟ ಎರಡು ಭಾಗಗಳಲ್ಲಿ ಪ್ರಕಟವಾಯಿತು. ಅದು ಪೂರ್ತಿ ಕೆನರಾ ಜಿಲ್ಲೆಗೆ ಮೀಸಲು. ಹಳೆಯ ಚಿತ್ರದಲ್ಲಿ ಕಾಣುವ ಕಟ್ಟಡ, ಬಂದರು, ರಸ್ತೆ ಯಾವುದೆಂದು ಹೋಲಿಸಿ ನೋಡಲು ಈ ಸಂಪುಟ ಇಂದಿಗೂ ಉಪಯುಕ್ತ.

ಈಗ ಇಲ್ಲದ ಜಾಗಗಳು

ಕಾಳಿ ನದಿಗೆ ಸೇತುವೆ ಇಲ್ಲದ ಕಾಲದಲ್ಲಿ ಕೋಡಿಬಾಗದಿಂದ ಸದಾಶಿವಗಡಕ್ಕೆ ಜನ ನದಿ ದಾಟುತ್ತಿದ್ದದ್ದು ದೋಣಿಯಲ್ಲಿ. ಸೇತುವೆ ಬಂದದ್ದು 1983ರ ಸುಮಾರಿಗೆ. ಆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಉಳಿಸಲಾಯಿತು. ನಲವತ್ತು ವರ್ಷ ದಿನವೂ ಕಣ್ಣಿಗೆ ಬೀಳುತ್ತಿದ್ದ ಸೇತುವೆಯ ಚಿತ್ರ ತೆಗೆದಿಡಬೇಕೆಂದು ಯಾರಿಗೂ ಅನಿಸುವುದಿಲ್ಲ. ಕುಸಿದ ಮರುದಿನ ಎಲ್ಲರೂ ಹುಡುಕುತ್ತಾರೆ. ದೋಣಿಘಾಟಿನ ಚಿತ್ರಗಳ ವಿಷಯವೂ ಇದೇ. ಯಾರದೋ ಮದುವೆಯ ದಿಬ್ಬಣ ನದಿ ದಾಟುವಾಗ ತೆಗೆದ ಒಂದು ಚಿತ್ರದ ಹಿಂಬದಿಯಲ್ಲಿ ಆ ಘಾಟು ಇರಬಹುದು.

ಕಾಳಿಯ ಮೇಲ್ಭಾಗದಲ್ಲಿ ಸೂಪಾ ಎಂಬ ತಾಲೂಕು ಕೇಂದ್ರ ಇತ್ತು. ಸೂಪಾ ಅಣೆಕಟ್ಟಿನ ನೀರಿನಲ್ಲಿ ಆ ಊರು ಮುಳುಗಿತು. ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಕಾರವಾರ ತಾಲೂಕಿನ ಕದ್ರಾದಲ್ಲಿಯೂ ಅಣೆಕಟ್ಟು ಬಂತು, ಹತ್ತಿರದ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಬಂತು. ಮುಳುಗಿದ ಊರಿನ ಪೇಟೆ, ಶಾಲೆ, ದೇವಸ್ಥಾನ, ಅಂಗಡಿ ಸಾಲು ಇವೆಲ್ಲ ಈಗ ಕಾಗದದ ಮೇಲೆ ಮಾತ್ರ ಇವೆ. ನೀರು ಇಳಿದಾಗ ಕಾಣುವ ಕಲ್ಲುಗಳನ್ನು ನೋಡಿ ಇದು ಯಾರ ಮನೆ ಎಂದು ಹೇಳಲು ಫೋಟೋ ಒಂದೇ ಆಧಾರ.

ಕಾರವಾರದ ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಅಡಿಗಲ್ಲು ಹಾಕಿದರು. ಐಎನ್‌ಎಸ್ ಕದಂಬ ನೌಕಾನೆಲೆ 2005ರ ಮೇ 31ರಂದು ಕಾರ್ಯಾರಂಭ ಮಾಡಿತು. ಈ ನಡುವೆ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಕರಾವಳಿ ಗ್ರಾಮಗಳ ಸಾವಿರಾರು ಕುಟುಂಬಗಳು ಜಾಗ ಬಿಟ್ಟವು. ರೈತರು, ಮೀನುಗಾರರು, ಸಣ್ಣ ವ್ಯಾಪಾರಸ್ಥರು ಅವರಲ್ಲಿದ್ದರು. ಪರಿಹಾರದ ಪ್ರಕರಣಗಳು ದಶಕಗಳ ಕಾಲ ನಡೆದವು. ನೆಲೆಯ ಬೇಲಿಯ ಒಳಗಿನ ಹಳೆಯ ಊರಿಗೆ ಈಗ ಸಾಮಾನ್ಯರು ಹೋಗಲಾಗದು. ಪುನರ್ವಸತಿ ಕಾಲೊನಿಯಲ್ಲಿ ಹುಟ್ಟಿದ ಮಕ್ಕಳಿಗೆ ಅಜ್ಜನ ಮನೆಯ ಅಂಗಳ ಎಂದರೆ ಆಲ್ಬಮ್ಮಿನ ಒಂದು ಪುಟ. ರಾಷ್ಟ್ರರಕ್ಷಣೆಗಾಗಿ ಜಾಗ ಬಿಟ್ಟುಕೊಟ್ಟ ಊರುಗಳ ನೆನಪನ್ನು ಉಳಿಸುವುದು ಅವರಿಗೆ ಸಲ್ಲಬೇಕಾದ ಕನಿಷ್ಠ ಗೌರವ. ಕಾಶ್ಮೀರದಲ್ಲಿ 1948ರಲ್ಲಿ ತೋರಿದ ಶೌರ್ಯಕ್ಕೆ ಪರಮವೀರ ಚಕ್ರ ಪಡೆದ ರಾಮ ರಾಘೋಬ ರಾಣೆಯವರು ಹುಟ್ಟಿದ್ದು ಇದೇ ಕರಾವಳಿಯ ಚೆಂಡಿಯಾದಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ಕೊಂಕಣ ರೈಲು ಮಾರ್ಗ 1998ರ ಜನವರಿ 26ರಂದು ಪೂರ್ಣವಾಗಿ ತೆರೆಯಿತು. ನಂತರ ಹೆದ್ದಾರಿ ಅಗಲವಾಯಿತು, ಬಿಣಗಾ ಬಳಿ ಸುರಂಗ, ಕಾರವಾರದಲ್ಲಿ ಮೇಲ್ಸೇತುವೆ ಬಂದವು. ಬಂದರು ವಿಸ್ತರಣೆಯ ವಿರುದ್ಧ 2020ರ ಜನವರಿಯಲ್ಲಿ ಮೀನುಗಾರರು ಹೋರಾಟ ನಡೆಸಿದರು. ಯೋಜನೆಯ ಪರ ಇರಲಿ, ವಿರೋಧ ಇರಲಿ, ಕಡಲತೀರ ಮೊದಲು ಎಲ್ಲಿಯವರೆಗೆ ಇತ್ತು, ದೋಣಿ ಎಲ್ಲಿ ನಿಲ್ಲುತ್ತಿತ್ತು ಎಂಬುದಕ್ಕೆ ಹಳೆಯ ಚಿತ್ರಗಳಷ್ಟು ಸರಳವಾದ ಸಾಕ್ಷಿ ಇಲ್ಲ.

ಅಂಕೋಲಾ: ಹೆಸರಿರುವವರು, ಹೆಸರಿಲ್ಲದವರು

ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಎಂದು ಕರೆಯುತ್ತಾರೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಇಲ್ಲಿ ಉಪ್ಪಿನ ಸತ್ಯಾಗ್ರಹ ಆರಂಭವಾಯಿತು. ನಂತರ ಅಂಕೋಲಾ ಮತ್ತು ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ನಡೆದು ರೈತರು ಭೂಮಿ ಕಳೆದುಕೊಂಡರು. 1937ರಲ್ಲಿ ಮುಂಬೈ ಪ್ರಾಂತದಲ್ಲಿ ಕಾಂಗ್ರೆಸ್ ಸರಕಾರ ಬಂದ ಮೇಲೆ ಆ ಭೂಮಿಯನ್ನು ಹಿಂದಿರುಗಿಸಲಾಯಿತು. ಈ ಹೋರಾಟದಲ್ಲಿ ಭಾಗವಹಿಸಿದ ಮನೆತನಗಳ ಹತ್ತಿರ ಜೈಲಿನಿಂದ ಬಿಡುಗಡೆಯಾದಾಗ ತೆಗೆಸಿದ ಚಿತ್ರ, ಖಾದಿ ಟೋಪಿಯ ಗುಂಪು ಚಿತ್ರ, ಸನ್ಮಾನದ ಚಿತ್ರ ಇರಬಹುದು. ದಾಂಡಿ ಅಥವಾ ಬೇರೆ ಕಡೆಯ ಸತ್ಯಾಗ್ರಹದ ಚಿತ್ರವನ್ನು ಅಂಕೋಲೆಯದೆಂದು ಹಾಕುವುದು ಮಾತ್ರ ತಪ್ಪು. ಇದ್ದ ಒಂದು ಮಸುಕಾದ ನಿಜಚಿತ್ರ ಸಾಲದ ನೂರು ಸುಂದರ ಚಿತ್ರಗಳಿಗಿಂತ ಮೇಲು.

ಅಂಕೋಲಾ ತಾಲೂಕಿನ ದಿನಕರ ದೇಸಾಯಿಯವರು (1909–1982) ಚುಟುಕು ಕವಿಯೆಂದು ನಾಡಿಗೆ ಗೊತ್ತು. ಅವರು ರೈತ ಹೋರಾಟಗಾರರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯಲ್ಲಿ ಶಾಲೆಗಳ ಸಾಲನ್ನೇ ಕಟ್ಟಿದವರು, ಲೋಕಸಭಾ ಸದಸ್ಯರೂ ಆಗಿದ್ದವರು. ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು ಅದೇ ಟ್ರಸ್ಟಿನದು. ಹೀಗಾಗಿ ಈ ಭಾಗದಲ್ಲಿ ಶಾಲೆ–ಕಾಲೇಜಿನ ಗುಂಪು ಚಿತ್ರಗಳು ಹೇರಳ. ಊರಿನ ಇತಿಹಾಸಕ್ಕೆ ಇವು ದೊಡ್ಡ ಆಸ್ತಿ. ಒಂದು ತರಗತಿಯ ಚಿತ್ರದಲ್ಲಿ ಊರಿನ ಎಲ್ಲ ಕೇರಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ. ಯಾವ ವರ್ಷದಿಂದ ಹುಡುಗಿಯರು ಕಾಣತೊಡಗಿದರು, ಯಾವ ವರ್ಷದಿಂದ ಕಾಲಲ್ಲಿ ಚಪ್ಪಲಿ ಕಾಣತೊಡಗಿತು ಎಂಬುದನ್ನೂ ಅವು ಹೇಳುತ್ತವೆ.

ಇನ್ನೊಂದು ವಿಷಯ ಗಮನಿಸಬೇಕು. ಹಳೆಯ ಪೇಟೆ ಚಿತ್ರಗಳಲ್ಲಿ ಅಂಗಡಿಯ ಯಜಮಾನರ ಹೆಸರು ಹಿಂಬದಿಯಲ್ಲಿ ಇರುತ್ತದೆ. ಪಕ್ಕದಲ್ಲಿ ಮೂಟೆ ಹೊತ್ತು ನಿಂತವರ, ಮೀನಿನ ಬುಟ್ಟಿ ಹಿಡಿದವರ, ಕರಿ ಈಶಾಡು ಮಾವಿನಹಣ್ಣು ಮಾರಲು ಕುಳಿತವರ ಹೆಸರು ಇರುವುದಿಲ್ಲ. ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಒಕ್ಕಲಿಗ ಮಹಿಳೆಯರ ಚಿತ್ರಗಳು ನೂರಾರು ಇವೆ. ‘ಹಾಲಕ್ಕಿ ಹೆಂಗಸರು’ ಎಂದಷ್ಟೇ ಬರೆದಿರುತ್ತದೆ. ಅದೇ ಸಮುದಾಯದ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಜನಪದ ಹಾಡುಗಳಿಗಾಗಿ 2017ರಲ್ಲಿ ಪದ್ಮಶ್ರೀ ಪಡೆದರು. ಹೊನ್ನಳ್ಳಿಯ ತುಳಸಿ ಗೌಡರು ಗಿಡ ಬೆಳೆಸಿದ ಸೇವೆಗಾಗಿ ಪದ್ಮಶ್ರೀ ಪಡೆದರು. 2021ರ ನವೆಂಬರಿನಲ್ಲಿ ಅವರು ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿ ಪ್ರಶಸ್ತಿ ಸ್ವೀಕರಿಸಿದ ಚಿತ್ರ ದೇಶವೆಲ್ಲ ನೋಡಿತು. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ನರ್ಸರಿಯಲ್ಲಿ ಕೂಲಿ ಮಾಡುವ ಹೆಂಗಸು ಎಂದು ಹೆಸರಿಲ್ಲದೆ ಉಳಿದ ಹಳೆಯ ಚಿತ್ರ ಯಾವುದಾದರೂ ಇದ್ದರೆ ಅದರ ಬೆಲೆ ಇಂದು ಎಷ್ಟಾಗುತ್ತಿತ್ತು ಎಂದು ಯೋಚಿಸಿದರೆ, ಚಿತ್ರದಲ್ಲಿರುವ ಪ್ರತಿಯೊಬ್ಬರ ಹೆಸರು ಏಕೆ ಬರೆಯಬೇಕು ಎಂಬುದು ತಿಳಿಯುತ್ತದೆ.

ಜಿಲ್ಲೆಯ ಬಸದಿಗಳ ಚಿತ್ರಗಳು

ಉತ್ತರ ಕನ್ನಡದ ಜೈನ ನೆಲೆಗಳು ಹೆಚ್ಚಾಗಿ ಕಾರವಾರ–ಅಂಕೋಲೆಯ ದಕ್ಷಿಣಕ್ಕೆ ಮತ್ತು ಘಟ್ಟದ ಮೇಲೆ ಇವೆ. ಗೇರುಸೊಪ್ಪೆಯ ಚತುರ್ಮುಖ ಬಸದಿ, ಭಟ್ಕಳದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಹಾಡುವಳ್ಳಿ, ಬಿಳಗಿಯ ರತ್ನತ್ರಯ ಬಸದಿ, ಸ್ವಾದಿಯ ಮಠ ಎಲ್ಲರಿಗೂ ಗೊತ್ತಿರುವವು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ರಾಜಧಾನಿ ಗೇರುಸೊಪ್ಪೆ. ಈ ಸ್ಥಳಗಳಿಗೆ ಯಾತ್ರೆ ಹೋದ ಕುಟುಂಬಗಳು ಬಸದಿಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡಿರುತ್ತವೆ. ಕುಟುಂಬಕ್ಕೆ ಅದು ಅಜ್ಜ–ಅಜ್ಜಿಯ ಚಿತ್ರ. ಇತಿಹಾಸಕ್ಕೆ ಅದು ಜೀರ್ಣೋದ್ಧಾರಕ್ಕೆ ಮೊದಲಿನ ಗೋಡೆ, ಕಂಬ, ಶಾಸನದ ಕಲ್ಲು ನಿಂತಿದ್ದ ಜಾಗ, ಮಾಡಿನ ರೀತಿ. ಸುಣ್ಣ–ಬಣ್ಣ, ಸಿಮೆಂಟು, ಟೈಲ್ಸ್ ಬಂದ ಮೇಲೆ ಮೂಲ ರೂಪ ತಿಳಿಯಲು ಇಂಥ ಚಿತ್ರಗಳೇ ಬೇಕಾಗುತ್ತವೆ. ಆದ್ದರಿಂದ ಯಾತ್ರೆಯ ಆಲ್ಬಮ್ಮುಗಳನ್ನು ಬದಿಗೆ ಹಾಕಬಾರದು.

ಚಿತ್ರದ ಕಾಲ ಕಂಡುಹಿಡಿಯುವ ಗುರುತುಗಳು

ಹಿಂಬದಿಯಲ್ಲಿ ಇಸವಿ ಇಲ್ಲದಿದ್ದರೂ ಚಿತ್ರದೊಳಗೆ ಗುರುತುಗಳು ಇರುತ್ತವೆ. ಭೂತಗನ್ನಡಿ ಹಿಡಿದು ಅಂಗಡಿಯ ಬೋರ್ಡು, ವಾಹನ, ರಸ್ತೆಯ ಕಲ್ಲು ನೋಡಬೇಕು.

• ಬೋರ್ಡಿನಲ್ಲಿ ‘ಮುಂಬೈ ಪ್ರಾಂತ’ ಅಥವಾ ‘ಮುಂಬೈ ರಾಜ್ಯ’ ಇದ್ದರೆ ಅದು 1956ರ ನವೆಂಬರ್ 1ಕ್ಕಿಂತ ಮೊದಲಿನದು. ‘ಮೈಸೂರು ರಾಜ್ಯ’ ಇದ್ದರೆ 1956ರಿಂದ 1973ರ ನಡುವಿನದು. ‘ಕರ್ನಾಟಕ’ ಇದ್ದರೆ 1973ರ ನವೆಂಬರ್ 1ರ ನಂತರದ್ದು.
• ಬೆಲೆ ಆಣೆಯಲ್ಲಿ ಇದ್ದರೆ ಸಾಮಾನ್ಯವಾಗಿ 1957ರ ಮೊದಲಿನದು. ‘ನಯಾ ಪೈಸೆ’ ಎಂದಿದ್ದರೆ 1957ರ ನಂತರ ಕೆಲವು ವರ್ಷಗಳದ್ದು.
• ವಿಳಾಸದಲ್ಲಿ ಕಾರವಾರದ 581301, ಅಂಕೋಲೆಯ 581314ರಂಥ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು.
• ಜಿಲ್ಲೆಯ ಹೆಸರು ‘ಉತ್ತರ ಕೆನರಾ’ ಅಥವಾ ‘ಕೆನರಾ’ ಎಂದಿದ್ದರೆ ಹಳೆಯದು. ಅಧಿಕೃತವಾಗಿ ‘ಉತ್ತರ ಕನ್ನಡ’ ಆದದ್ದು 1977ರಲ್ಲಿ.
• ಹೆದ್ದಾರಿಯ ಕಲ್ಲಿನ ಮೇಲೆ 17 ಎಂದಿದ್ದರೆ ಹಳೆಯ ಸಂಖ್ಯೆ. ಈಗಿನ 66 ಎಂಬ ಸಂಖ್ಯೆ ಬಂದದ್ದು 2010ರ ನಂತರ.
• ವಾಹನದ ಮೇಲೆ ಕೆಎ-30 ಇದ್ದರೆ ಅದು ಕಾರವಾರದ ನೋಂದಣಿ. ಸುಮಾರು 1990ರ ನಂತರದ್ದು.
• ಮಾಜಾಳಿಯ ಗಡಿಯಲ್ಲಿ ಪೋರ್ಚುಗೀಸ್ ಗೋವೆಯ ಗುರುತು ಕಂಡರೆ 1961ರ ಡಿಸೆಂಬರ್ 19ಕ್ಕಿಂತ ಮೊದಲಿನದು. ಅಲ್ಲಿಯವರೆಗೆ ಅದು ಪರದೇಶದ ಗಡಿಯಾಗಿತ್ತು.
• ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ಸಂಗ್ರಹಾಲಯ ಕಂಡರೆ ಅದು ತೀರ ಈಚಿನದು, 2006ರ ಸುಮಾರಿಗೆ ಅಥವಾ ನಂತರ.

ಕಾಗದವೂ ಮಾತಾಡುತ್ತದೆ. ದಪ್ಪ ರಟ್ಟಿಗೆ ಅಂಟಿಸಿ ಕೆಳಗೆ ಸ್ಟುಡಿಯೋ ಹೆಸರು ಅಚ್ಚೊತ್ತಿದ ಚಿತ್ರಗಳು ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭದ ರೂಢಿ. ಅಲೆಅಲೆಯಾಗಿ ಕತ್ತರಿಸಿದ ಅಂಚು ಇದ್ದರೆ 1940ರಿಂದ 1960ರ ದಶಕ ಇರಬಹುದು. ಆಗ್ಫಾ ಕ್ಲಿಕ್ ಕ್ಯಾಮೆರಾದ ಚೌಕಾಕಾರದ ಕಪ್ಪು–ಬಿಳುಪು ಚಿತ್ರಗಳು 1960–70ರ ದಶಕದಲ್ಲಿ ಮನೆಮನೆಗೆ ಬಂದವು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಾಗದ ಎಂದು ಹಿಂಬದಿಯಲ್ಲಿ ಇದ್ದರೆ ಅದು 1967ಕ್ಕಿಂತ ಮೊದಲಿನದಾಗಲು ಸಾಧ್ಯವಿಲ್ಲ. ಕೆಂಪು ಛಾಯೆಗೆ ತಿರುಗಿದ ಬಣ್ಣದ ಚಿತ್ರ ಹೆಚ್ಚಾಗಿ 1970–80ರ ದಶಕದ್ದು.

ಜೈನ ಕುಟುಂಬಗಳ ಆಲ್ಬಮ್ಮುಗಳಿಗೆ ಇನ್ನೂ ಕೆಲವು ಗುರುತುಗಳಿವೆ. ಐದು ಬಣ್ಣದ ಜೈನ ಧ್ವಜ ಅಥವಾ ಈಗ ಎಲ್ಲೆಡೆ ಬಳಸುವ ಜೈನ ಲಾಂಛನ ಚಿತ್ರದಲ್ಲಿ ಕಂಡರೆ ಅದು ಭಗವಾನ್ ಮಹಾವೀರರ 2500ನೇ ನಿರ್ವಾಣ ಮಹೋತ್ಸವದ 1974–75ರ ಸಮಯ ಅಥವಾ ನಂತರದ್ದು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಅಟ್ಟಣಿಗೆ ಕಂಡರೆ 1967, 1981, 1993, 2006, 2018 ಈ ವರ್ಷಗಳಲ್ಲಿ ಯಾವುದೆಂದು ಬಟ್ಟೆಬರೆ ನೋಡಿ ನಿರ್ಧರಿಸಬಹುದು. ಧರ್ಮಸ್ಥಳದ ಬಾಹುಬಲಿ ಪ್ರತಿಷ್ಠೆ 1982ರಲ್ಲಿ ಆಯಿತು. ಹಿಂಬದಿಯಲ್ಲಿ ವೀರ ನಿರ್ವಾಣ ಸಂವತ್ ಬರೆದಿದ್ದರೆ ಅದರಿಂದ 527 ಕಳೆಯಬೇಕು, ದೀಪಾವಳಿಯ ನಂತರ ಹೊಸ ವರ್ಷ ಬಂದಿದ್ದರೆ, ಅಂದರೆ ಜನವರಿಯಿಂದ ದೀಪಾವಳಿಯವರೆಗಿನ ತಿಂಗಳಾದರೆ 526 ಕಳೆಯಬೇಕು. ಶಾಲಿವಾಹನ ಶಕೆ ಇದ್ದರೆ 78 ಕೂಡಿಸಬೇಕು, ಜನವರಿಯಿಂದ ಯುಗಾದಿಯವರೆಗೆ 79. ಸಂವತ್ಸರದ ಹೆಸರು ಮಾತ್ರ ಇದ್ದರೆ ಅರವತ್ತು ವರ್ಷಗಳ ಚಕ್ರ ನೆನಪಿಡಬೇಕು. ಉದಾಹರಣೆಗೆ ಪ್ಲವ ಸಂವತ್ಸರ 1961–62ರಲ್ಲೂ ಬಂದಿತ್ತು, 2021–22ರಲ್ಲೂ ಬಂದಿತ್ತು.

ಹಳೆಯ ಕಿರ್ದಿ, ಖಾತೆ ಪುಸ್ತಕಗಳನ್ನು ಇಟ್ಟುಕೊಂಡ ವ್ಯಾಪಾರಿ ಮನೆತನಗಳಿಗೆ ಇನ್ನೊಂದು ಅನುಕೂಲವಿದೆ. ಫೋಟೋ ತೆಗೆಸಿದ ಖರ್ಚು, ಚೌಕಟ್ಟು ಹಾಕಿಸಿದ ಖರ್ಚು ಅಂದಿನ ಪುಟದಲ್ಲಿ ತಾರೀಖಿನ ಸಹಿತ ಬರೆದಿರುವ ಸಂಭವ ಇದೆ. ಅಂಗಡಿ ಉದ್ಘಾಟನೆ, ಮದುವೆ ಇವುಗಳ ಲೆಕ್ಕವನ್ನು ಚಿತ್ರದ ಪಕ್ಕ ಇಟ್ಟು ನೋಡಬೇಕು.

ಹೆಸರು ಬರೆಯುವ ಕ್ರಮ

ಹಿರಿಯರ ಹತ್ತಿರ ಕುಳಿತು ಕೇಳುವಾಗ ಐದು ಪ್ರಶ್ನೆ ಸಾಕು: ಯಾರು, ಎಲ್ಲಿ, ಯಾವಾಗ, ಏನು ಸಂದರ್ಭ, ಯಾರು ತೆಗೆದದ್ದು. ಒಂದು ಸಲಕ್ಕೆ ಹತ್ತು ಚಿತ್ರಕ್ಕಿಂತ ಹೆಚ್ಚು ತೋರಿಸಬಾರದು, ದಣಿವಾಗುತ್ತದೆ. ಅವರ ಒಪ್ಪಿಗೆ ಪಡೆದು ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಂಡರೆ ಹೆಸರಿನ ಜೊತೆಗೆ ಕಥೆಯೂ ಉಳಿಯುತ್ತದೆ. ‘ಇವರು ನಮ್ಮ ಮಾವ’ ಎಂದರೆ ಯಾರ ಮಾವ, ಪೂರ್ತಿ ಹೆಸರೇನು ಎಂದು ಕೇಳಿಕೊಳ್ಳಬೇಕು. ಇಪ್ಪತ್ತು ವರ್ಷದ ನಂತರ ಓದುವವರಿಗೆ ‘ನಮ್ಮ’ ಎಂದರೆ ಯಾರೆಂದು ಗೊತ್ತಿರುವುದಿಲ್ಲ.

ಗುಂಪು ಚಿತ್ರದಲ್ಲಿ ಸಾಲುಸಾಲಾಗಿ, ಎಡದಿಂದ ಬಲಕ್ಕೆ ಬರೆಯಬೇಕು. ಗೊತ್ತಿಲ್ಲದವರ ಜಾಗವನ್ನು ಬಿಡಬಾರದು, ‘ಮೂರನೆಯವರು: ಗೊತ್ತಿಲ್ಲ’ ಎಂದು ಬರೆಯಬೇಕು. ಮುಂದೆ ಯಾರಾದರೂ ತುಂಬಬಹುದು. ಪ್ರತಿ ಹೆಸರಿನ ಮುಂದೆ ‘ಖಚಿತ’, ‘ಮನೆಯವರ ಹೇಳಿಕೆ’, ‘ಊಹೆ’ ಎಂಬ ಮೂರರಲ್ಲಿ ಒಂದನ್ನು ಬರೆದಿಟ್ಟರೆ ಮುಂದೆ ಜಗಳ ಇರುವುದಿಲ್ಲ. ಇಬ್ಬರು ಹಿರಿಯರು ಬೇರೆಬೇರೆ ಹೆಸರು ಹೇಳಿದರೆ ಎರಡನ್ನೂ ಬರೆಯಬೇಕು, ಯಾರು ಹೇಳಿದರೆಂಬುದನ್ನೂ ಸೇರಿಸಬೇಕು.

ಚಿತ್ರದ ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆಯಬಾರದು. ಒತ್ತಿದ ಗುರುತು ಮುಂಬದಿಗೆ ಬರುತ್ತದೆ, ಶಾಯಿ ತೇವಕ್ಕೆ ಹರಡುತ್ತದೆ. ಮೆತ್ತನೆಯ ಪೆನ್ಸಿಲಿನಿಂದ ಸಂಖ್ಯೆಯನ್ನಷ್ಟೇ ಬರೆದು, ವಿವರವನ್ನು ಪುಸ್ತಕದಲ್ಲಿ ಆ ಸಂಖ್ಯೆಯ ಮುಂದೆ ಬರೆಯಬೇಕು. ಈ ಭಾಗದ ಚಿತ್ರಗಳ ಹಿಂದೆ ಕನ್ನಡ, ಮರಾಠಿ, ಮೋಡಿ ಲಿಪಿ, ಇಂಗ್ಲಿಷ್ ಎಲ್ಲ ಸಿಗುತ್ತವೆ. ಓದಲು ಬಾರದಿದ್ದರೂ ಅದನ್ನು ಅಳಿಸಬಾರದು, ಹಿಂಬದಿಯ ಪ್ರತಿಯನ್ನೂ ತೆಗೆದಿಡಬೇಕು.

ಕರಾವಳಿಯ ತೇವದಿಂದ ರಕ್ಷಣೆ

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್–ಸೆಪ್ಟೆಂಬರಿನಲ್ಲಿ. ಬೂಷ್ಟು, ಗೆದ್ದಲು, ಬೆಳ್ಳಿಹುಳ, ಉಪ್ಪುಗಾಳಿ ಇವು ಫೋಟೋದ ನಾಲ್ಕು ಶತ್ರುಗಳು. ಆಲ್ಬಮ್ ತೆರೆದು ಕೆಲಸ ಮಾಡಲು ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣಹವೆ ಒಳ್ಳೆಯದು. ಮಳೆಗಾಲವನ್ನು ಹಿರಿಯರನ್ನು ಮಾತನಾಡಿಸಲು, ಹೆಸರು ಬರೆಯಲು ಇಟ್ಟುಕೊಳ್ಳಬಹುದು.

• ಹೊರಗೋಡೆಗೆ ಚಿತ್ರ ತೂಗುಹಾಕಬಾರದು, ಮಳೆಗಾಲದಲ್ಲಿ ಆ ಗೋಡೆ ಒದ್ದೆಯಾಗುತ್ತದೆ. ಅಡುಗೆಮನೆ ಮತ್ತು ದೀಪದ ಹೊಗೆ ತಾಗುವ ಜಾಗವೂ ಬೇಡ.
• ಅಂಟಿನ ಪುಟದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಆಲ್ಬಮ್ ಅತಿ ಹಾನಿಕರ. ಅದರಿಂದ ಬಿಡಿಸುವಾಗ ಹರಿಯುವಂತಿದ್ದರೆ ಬಿಡಿಸದೆ ಹಾಗೆಯೇ ಪ್ರತಿ ತೆಗೆಯಬೇಕು.
• ಗಾಜಿಗೆ ಅಂಟಿಕೊಂಡ ಚಿತ್ರವನ್ನು ಎಳೆಯಬಾರದು. ಗಾಜಿನ ಸಮೇತ ಪ್ರತಿ ತೆಗೆಯಬೇಕು.
• ಬೂಷ್ಟು ಬಂದ ಚಿತ್ರವನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು, ಬಿಸಿಲಿಗೂ ಇಡಬಾರದು. ನೆರಳಿನಲ್ಲಿ ಗಾಳಿಗೆ ಒಣಗಿಸಿ, ಮೆತ್ತನೆಯ ಬ್ರಷ್ಷಿನಿಂದ ಮನೆಯ ಹೊರಗೆ ತೆಗೆಯಬೇಕು.
• ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಒಂದೊಂದಾಗಿ ಹಾಕಿ, ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಸಹಿತ ಇಡಬೇಕು. ಪೆಟ್ಟಿಗೆ ನೆಲದ ಮೇಲೆ ಬೇಡ, ಅಟ್ಟದ ಮೇಲೂ ಬೇಡ.
• ನೆಗೆಟಿವ್ ಸಿಕ್ಕರೆ ಎಸೆಯಬಾರದು. ಚಿತ್ರಕ್ಕಿಂತ ಅದರಲ್ಲಿ ವಿವರ ಹೆಚ್ಚು.

2019ರ ಆಗಸ್ಟಿನಲ್ಲಿ ಕಾಳಿ ಮತ್ತು ಗಂಗಾವಳಿ ತೀರದ ಊರುಗಳಿಗೆ ನೆರೆ ಬಂತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಇಂಥ ಹೊತ್ತಿನಲ್ಲಿ ಜೀವ ಮೊದಲು, ಬೇರೆಲ್ಲ ನಂತರ. ಆದರೆ ಮನೆಯೇ ಹೋದವರ ಕೈಯಲ್ಲಿ ತೀರಿಹೋದವರ ಒಂದು ಚಿತ್ರವೂ ಉಳಿಯದಿರುವುದು ದುಃಖದ ಮೇಲಿನ ದುಃಖ. ಒಂದು ಪ್ರತಿ ಬೇರೆ ಊರಿನ ಬಂಧುಗಳ ಹತ್ತಿರ ಇದ್ದರೆ ಈ ನಷ್ಟ ತಪ್ಪುತ್ತದೆ. ನೆರೆಯಲ್ಲಿ ನೆನೆದ ಚಿತ್ರಗಳು ಒಂದಕ್ಕೊಂದು ಅಂಟಿ ಒಣಗಲು ಬಿಡಬಾರದು. ಶುದ್ಧ ತಣ್ಣೀರಿನಲ್ಲಿ ಮೆಲ್ಲಗೆ ಬಿಡಿಸಿ, ಮುಖ ಮೇಲಾಗಿ ಒಣಗಿಸಬೇಕು. ಕೂಡಲೇ ಸಮಯವಿಲ್ಲದಿದ್ದರೆ ನಡುವೆ ಕಾಗದ ಇಟ್ಟು ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಇಡಬಹುದು.

ಡಿಜಿಟಲ್ ಪ್ರತಿ

ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 600 ಡಿಪಿಐ ಸಾಕು. ಪಾಸ್‌ಪೋರ್ಟ್ ಗಾತ್ರದ ಸಣ್ಣ ಚಿತ್ರಕ್ಕೆ 1200 ಇಡಬಹುದು. ಮೂಲಪ್ರತಿಯನ್ನು ಟಿಫ್ ರೂಪದಲ್ಲಿ ಇಟ್ಟು, ಹಂಚಲು ಜೆಪೆಗ್ ಮಾಡಿಕೊಳ್ಳಬೇಕು. ಕಪ್ಪು–ಬಿಳುಪು ಚಿತ್ರವನ್ನೂ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿದರೆ ಕಲೆ, ಶಾಯಿ, ಕಾಗದದ ಛಾಯೆ ಉಳಿಯುತ್ತದೆ. ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲ್ ಆಗಬಹುದು: ಕಿಟಕಿಯ ಹತ್ತಿರ, ನೇರ ಬಿಸಿಲಿಲ್ಲದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಚಿತ್ರಕ್ಕೆ ನೇರವಾಗಿ ಮೇಲಿನಿಂದ ತೆಗೆಯಬೇಕು.

ವಾಟ್ಸ್‌ಆ್ಯಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಮುಖ ಗುರುತಿಸಲು ಆಗುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಬೇಕು. ಫೈಲಿನ ಹೆಸರು ‘ಅಂಕೋಲಾ_1962_ಪೇಟೆಬೀದಿ_014’ ಎಂಬ ರೀತಿಯಲ್ಲಿ ಇರಲಿ. ಮೂರು ಪ್ರತಿ ಇರಬೇಕು, ಎರಡು ಬಗೆಯ ಸಾಧನದಲ್ಲಿ ಇರಬೇಕು, ಒಂದು ಬೇರೆ ಊರಿನಲ್ಲಿ ಇರಬೇಕು. ಮೊಬೈಲಿನ ಆ್ಯಪ್ ಬಳಸಿ ಹಳೆಯ ಮುಖಕ್ಕೆ ಬಣ್ಣ ತುಂಬುವುದು, ಕಣ್ಣು–ಮೂಗು ತಿದ್ದುವುದು ಈಗ ಸುಲಭ. ಮನೆಯ ಸಂತೋಷಕ್ಕೆ ಮಾಡಿಕೊಳ್ಳಬಹುದು, ಆದರೆ ಅದನ್ನು ಮೂಲಚಿತ್ರವೆಂದು ಹಂಚಬಾರದು. ತಿದ್ದಿದ ಮುಖ ಆ ವ್ಯಕ್ತಿಯ ಮುಖವಲ್ಲ.

ಹಂಚುವಾಗ ಕಾನೂನು ಮತ್ತು ಮರ್ಯಾದೆ

1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಫೋಟೋದ ಹಕ್ಕು 2012ರವರೆಗೆ ಅದು ಪ್ರಕಟವಾದ ವರ್ಷದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇತ್ತು, ಆ ವರ್ಷದ ತಿದ್ದುಪಡಿಯ ನಂತರ ಅದು ಛಾಯಾಗ್ರಾಹಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ವರ್ಷದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಹಣ ಕೊಟ್ಟು ಸ್ಟುಡಿಯೋದಲ್ಲಿ ತೆಗೆಸಿದ ಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದು. ಪತ್ರಿಕೆಯ ಅಥವಾ ವೃತ್ತಿ ಛಾಯಾಗ್ರಾಹಕರ ಚಿತ್ರವಾದರೆ ಕೇಳಿಯೇ ಬಳಸಬೇಕು. ಛಾಯಾಗ್ರಾಹಕರ ಹೆಸರು ಗೊತ್ತಿದ್ದರೆ ತಪ್ಪದೆ ಹಾಕಬೇಕು. ಸಣ್ಣ ಊರಿನ ಸ್ಟುಡಿಯೋಗಳೇ ಊರಿನ ನಿಜವಾದ ಇತಿಹಾಸಕಾರರು. ಅವು ಮುಚ್ಚುವಾಗ ನೆಗೆಟಿವ್ ಪೆಟ್ಟಿಗೆಗಳು ಗುಜರಿಗೆ ಹೋಗದಂತೆ ಊರಿನವರು ನೋಡಿಕೊಳ್ಳಬೇಕು.

ಕಾನೂನು ಬಿಟ್ಟರೂ ಮರ್ಯಾದೆ ಇದೆ. ಚಿತ್ರದಲ್ಲಿ ಇರುವವರು ಅಥವಾ ಅವರ ಮಕ್ಕಳು ಬೇಡವೆಂದರೆ ಹಾಕಬಾರದು. ಮಕ್ಕಳ, ಕಷ್ಟದಲ್ಲಿರುವವರ, ಅಂತ್ಯಸಂಸ್ಕಾರದ ಚಿತ್ರಗಳನ್ನು ಹಂಚುವ ಮೊದಲು ಎರಡು ಸಲ ಯೋಚಿಸಬೇಕು. ಜಮೀನು, ಬಾವಿ, ದಾರಿ ಕಾಣುವ ಹಳೆಯ ಚಿತ್ರ ಹಕ್ಕುಪತ್ರವಾಗುವುದಿಲ್ಲ, ಆದರೆ ಮನಸ್ತಾಪಕ್ಕೆ ಕಾರಣವಾಗಬಹುದು. ಬೇರೆಯವರ ಮನೆಯಿಂದ ಚಿತ್ರ ತಂದರೆ ಚೀಟಿ ಬರೆದುಕೊಟ್ಟು, ಹೇಳಿದ ದಿನಕ್ಕೆ ಹಿಂದಿರುಗಿಸಬೇಕು. ಊರಿನ ಚಿತ್ರಸಂಗ್ರಹದ ಕೆಲಸ ನಿಂತುಹೋಗುವುದು ಹಣವಿಲ್ಲದೆ ಅಲ್ಲ, ಒಮ್ಮೆ ಹೋದ ಚಿತ್ರ ಹಿಂದೆ ಬಾರದೆ ನಂಬಿಕೆ ಕೆಟ್ಟಾಗ.

ಪ್ರದರ್ಶನ ಮಾಡುವಾಗ ಮೂಲಚಿತ್ರ ಇಡಬಾರದು, ದೊಡ್ಡ ಮುದ್ರಿತ ಪ್ರತಿ ಇಡಬೇಕು. ಶಾಲೆಯ ವಾರ್ಷಿಕೋತ್ಸವ, ಅಂಕೋಲೆಯ ಬಂಡಿಹಬ್ಬ, ಕಾರವಾರದ ಕರಾವಳಿ ಉತ್ಸವ, ಬಸದಿಯ ವಾರ್ಷಿಕೋತ್ಸವ ಇವು ಜನ ಸೇರುವ ಸಂದರ್ಭಗಳು. ಪ್ರತಿ ಚಿತ್ರದ ಕೆಳಗೆ ಬಿಳಿ ಹಾಳೆ, ಪೆನ್ಸಿಲ್ ಇಟ್ಟರೆ ನೋಡಲು ಬಂದವರೇ ಹೆಸರು ತುಂಬುತ್ತಾರೆ. ಅದೇ ಜಾಗಕ್ಕೆ ಹೋಗಿ ಅದೇ ಕೋನದಿಂದ ಇಂದಿನ ಚಿತ್ರ ತೆಗೆದು ಪಕ್ಕದಲ್ಲಿ ಇಟ್ಟರೆ ಮಕ್ಕಳಿಗೂ ಅರ್ಥವಾಗುತ್ತದೆ.

ಎಲ್ಲಿ ಕೊಡಬಹುದು, ಎಲ್ಲಿ ಹುಡುಕಬಹುದು

ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಬೆಂಗಳೂರಿನಲ್ಲಿದೆ, ಧಾರವಾಡದಲ್ಲಿಯೂ ಕಚೇರಿ ಇದೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಲ್ಲಿ ಆರಂಭವಾದದ್ದು, ಮುಂಬೈ ಕರ್ನಾಟಕದ ಇತಿಹಾಸಕ್ಕೆ ಮುಖ್ಯ ನೆಲೆ. ಕರಾವಳಿ ಮತ್ತು ಧಾರವಾಡ ಭಾಗದಲ್ಲಿ ಕೆಲಸ ಮಾಡಿದ ಬಾಸೆಲ್ ಮಿಶನ್ ತನ್ನ ಹಳೆಯ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಎಲ್ಲರೂ ನೋಡುವಂತೆ ಇಟ್ಟಿದೆ. ಬ್ರಿಟಿಷ್ ಲೈಬ್ರರಿಯಲ್ಲಿ ಮುಂಬೈ ಪ್ರಾಂತದ ಕಾಲದ ಚಿತ್ರಗಳಿವೆ, ಅಳಿವಿನ ಅಂಚಿನ ದಾಖಲೆಗಳನ್ನು ಉಳಿಸಲು ಅದು 2004ರಿಂದ ಒಂದು ಯೋಜನೆ ನಡೆಸುತ್ತಿದೆ. ಸ್ವಂತ ಹಕ್ಕಿನ ಚಿತ್ರವನ್ನು ವಿಕಿಮೀಡಿಯ ಕಾಮನ್ಸಿಗೆ ಹಾಕಿದರೆ ಕನ್ನಡ ವಿಕಿಪೀಡಿಯದ ಲೇಖನಗಳಲ್ಲಿ ಬಳಕೆಯಾಗುತ್ತದೆ. ಆದರೆ ಅಲ್ಲಿ ಹಾಕಿದ್ದನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು ಎಂಬುದು ತಿಳಿದಿರಬೇಕು. ಯಾವ ಸಂಸ್ಥೆಗೆ ಕೊಟ್ಟರೂ ಮೊದಲು ಪ್ರತಿ ತೆಗೆದಿಟ್ಟು, ಕೊಟ್ಟ ಚಿತ್ರಗಳ ಪಟ್ಟಿಗೆ ಸಹಿ ಪಡೆಯಬೇಕು.

ಮನೆಯಲ್ಲಿ ಇನ್ನೂರು ಚಿತ್ರಗಳಿದ್ದರೆ ಎಲ್ಲವನ್ನೂ ಒಮ್ಮೆಗೆ ಮಾಡಲು ಹೊರಟರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮೊದಲು ಹತ್ತು ಚಿತ್ರ ಆರಿಸಬೇಕು: ಅತಿ ಹಳೆಯವು, ಈಗ ಇಲ್ಲದ ಜಾಗ ಕಾಣುವವು, ಹೆಚ್ಚು ಜನರಿರುವವು. ಕುಟುಂಬದ ಹಿರಿಯರಲ್ಲಿ ಯಾರ ನೆನಪು ಗಟ್ಟಿಯಾಗಿದೆಯೋ ಅವರ ಮುಂದೆ ಈ ವಾರವೇ ಅವನ್ನು ಇಡಬೇಕು. ಸ್ಕ್ಯಾನ್ ಮುಂದಿನ ತಿಂಗಳು ಆದರೂ ಆದೀತು, ಹೆಸರು ಮೊದಲು ಬರೆದುಕೊಳ್ಳಬೇಕು.